ಸೂತ್ರಧಾರಿಗೆ ಕಟ್ಟಿದ ಪಟ್ಟ

ಕಟ್ಟಡ ಕಟ್ಟಿದವನನ್ನು ಸನ್ಮಾನಿಸಿ, ಆ ಸನ್ಮಾನದ ವಿವರವನ್ನು ಅದೇ ಕಟ್ಟಡದ ಮೇಲೆ ಕೆತ್ತಿಸುವ ರೂಢಿ ಕನ್ನಡನಾಡಿನಲ್ಲಿ ಎಂಟನೆಯ ಶತಮಾನದಲ್ಲೇ ಇತ್ತು. ಸಾಕ್ಷಿ ಬೇಕೆನ್ನುವವರು ಪಟ್ಟದಕಲ್ಲಿಗೆ ಹೋಗಿ, ವಿರೂಪಾಕ್ಷ ದೇವಾಲಯದ ಪೂರ್ವದ ಹೆಬ್ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ಬಾದಾಮಿ ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯ ಪಲ್ಲವರ ಕಾಂಚಿಯನ್ನು ಮೂರು ಸಲ ಗೆದ್ದ. ಗೆದ್ದ ಊರನ್ನು ದೋಚಲಿಲ್ಲ. ಅಲ್ಲಿನ ಕೈಲಾಸನಾಥ ದೇವಾಲಯದ ಸಂಪತ್ತನ್ನು ದೇವರಿಗೇ ಮರಳಿಸಿದನೆಂದು ಆ ಗುಡಿಯಲ್ಲೇ ಕನ್ನಡದಲ್ಲಿ ಶಾಸನ ಹಾಕಿಸಿದ. ಈ ಗೆಲುವಿನ ನೆನಪಿಗೆ ರಾಣಿ ಲೋಕಮಹಾದೇವಿ ಮಲಪ್ರಭೆಯ ದಂಡೆಯಲ್ಲಿ ಕಟ್ಟಿಸಿದ ಲೋಕೇಶ್ವರ ದೇಗುಲವೇ ಇಂದಿನ ವಿರೂಪಾಕ್ಷ. ಕಾಂಚಿಯ ಗುಡಿಯ ನೆರಳು ಇದರ ಮೇಲಿದೆ. ಇದರ ನೆರಳು ಮುಂದೆ ಎಲ್ಲೋರದ ಕೈಲಾಸದ ಮೇಲೆ ಬಿತ್ತೆಂದು ಕಲಾ ಇತಿಹಾಸಕಾರರು ಹೇಳುತ್ತಾರೆ.

ಇಷ್ಟೇ ಆಗಿದ್ದರೆ ಇದು ರಾಜ-ರಾಣಿಯರ ಕಥೆಯಾಗಿ ಮುಗಿದುಹೋಗುತ್ತಿತ್ತು. ಆದರೆ ಹೆಬ್ಬಾಗಿಲ ಶಾಸನ ಗುಡಿ ಕಟ್ಟಿದ ಸೂತ್ರಧಾರಿಯನ್ನೂ ಹೆಸರಿಟ್ಟು ಕರೆಯುತ್ತದೆ. ಅವನು ಗುಂಡ ಅನಿವಾರಿತಾಚಾರಿ. ಅವನಿಗೆ ‘ಪೆರ್ಜೆರೆಪು’ ಎಂಬ ಗೌರವದೊಡನೆ ಪಟ್ಟ ಕಟ್ಟಲಾಯಿತು, ‘ತ್ರಿಭುವನಾಚಾರಿ’ ಎಂಬ ಬಿರುದೂ ಸಂದಿತು. ಕಾಂಚಿ ಗೆದ್ದ ದೊರೆಯೂ ಗುಡಿ ಕಟ್ಟಿದ ಆಚಾರಿಯೂ ಒಂದೇ ಶಾಸನದಲ್ಲಿ, ಅದೂ ಜನ ಓಡಾಡುವ ಬಾಗಿಲಲ್ಲಿ, ಜೊತೆಯಾಗಿ ನಿಂತಿರುವುದು ಸಣ್ಣ ಮಾತಲ್ಲ.

ಅಲ್ಲಿಯೇ ಇನ್ನೊಬ್ಬನ ಹೆಸರಿದೆ: ಸರ್ವಸಿದ್ಧಿ ಆಚಾರಿ. ‘ಅನೇಕಪುರ ವಾಸ್ತುಪಿತಾಮಹ’, ‘ತೆಂಕಣ ದಿಸೆಯ ಸೂತ್ರಧಾರಿ’ ಎಂದು ಅವನನ್ನು ಹೊಗಳಲಾಗಿದೆ. ಪ್ರಾಸಾದ, ವಾಹನ, ಪೀಠ, ಮಂಚ, ಮಣಿಮಕುಟ, ಇವೆಲ್ಲದರ ರಚನೆಯಲ್ಲೂ ಅವನು ಚೂಡಾಮಣಿಯಂತೆ. ಊರಿನ ವಿನ್ಯಾಸದಿಂದ ಮಲಗುವ ಮಂಚದವರೆಗೆ ಎಲ್ಲವೂ ಒಬ್ಬನ ವಿದ್ಯೆಯ ವ್ಯಾಪ್ತಿಗೆ ಬರುತ್ತಿತ್ತು ಎನ್ನುವುದನ್ನು ಗಮನಿಸಬೇಕು. ಬಿರುದು ಕೊಟ್ಟವರಿಗೆ ಆ ವಿದ್ಯೆಯ ಒಳಹೊರಗು ಗೊತ್ತಿತ್ತು. ಸುಮ್ಮನೆ ‘ಶ್ರೇಷ್ಠ’ ಎಂದು ಬರೆದು ಕೈತೊಳೆದುಕೊಳ್ಳದೆ, ಯಾವುದರಲ್ಲಿ ಶ್ರೇಷ್ಠ ಎಂದು ಬಿಡಿಸಿ ಹೇಳಿದರು. ಹತ್ತಿರದ ಪಾಪನಾಥ ದೇವಾಲಯದಲ್ಲಿ ಸಿಗುವ ರೇವಡಿ ಓವಜ್ಜನೂ ಸರ್ವಸಿದ್ಧಿ ಆಚಾರಿಯ ಬಳಗದವನೇ.

ಐಹೊಳೆಯ ಶಾಸನವೊಂದು ಇನ್ನೂ ಮುಂದೆ ಹೋಗಿ, ನರಸೊಬ್ಬನೆಂಬ ಶಿಲ್ಪಿಗೆ ಸಮನಾದವನು ಜಂಬೂದ್ವೀಪದಲ್ಲೇ ಹಿಂದೆಯೂ ಇರಲಿಲ್ಲ, ಮುಂದೆಯೂ ಬರಲಾರ ಎನ್ನುತ್ತದೆ. ದೇಗುಲದ ಜೊತೆಗೆ ಮನೆ ಕಟ್ಟುವ ಜಾಣ್ಮೆಗೂ ಅಲ್ಲಿ ಮೆಚ್ಚುಗೆಯಿದೆ. ಆ ಮನೆಗಳಲ್ಲಿ ಒಂದೂ ಇಂದು ಉಳಿದಿಲ್ಲ.

ಹೊಯ್ಸಳರ ಕಾಲಕ್ಕೆ ಶಿಲ್ಪಿಗಳು ತಾವೇ ಹೆಸರು ಕೆತ್ತುವುದು ಹೆಚ್ಚಾಯಿತು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣರ ಹೆಸರುಗಳು ಬಿರುದುಗಳೊಡನೆ ಮದನಿಕೆಯರ ಪೀಠಗಳಲ್ಲಿವೆ. ಮಲ್ಲಿತಮ್ಮನ ಸಹಿಯಂತೂ 1196ರ ಅಮೃತಾಪುರದಿಂದ ಹದಿಮೂರನೆಯ ಶತಮಾನದ ಸೋಮನಾಥಪುರದವರೆಗೆ ಹಬ್ಬಿದೆ. ಇನ್ನು ಕೊಪ್ಪಳ ಸೀಮೆಯ ಇಟಗಿಯಲ್ಲಿ ಬಿರುದು ಪಡೆದದ್ದು ಕಟ್ಟಡವೇ: ಮಹಾದೇವ ದಂಡನಾಯಕ ಕಟ್ಟಿಸಿದ ಗುಡಿಯನ್ನು 1112ರ ಶಾಸನ ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ.

ಗುಡಿಗಳಿಗೆ ಸಂದ ಈ ಗೌರವ ನೀರಿನ ಕೆಲಸಕ್ಕೂ ಸಂದಿತು. ಅಲ್ಲಿ ಬಿರುದಿಗಿಂತ ಹೆಚ್ಚಾಗಿ ಭೂಮಿ ಕೊಡುತ್ತಿದ್ದರು. ಕೆರೆ ಕಟ್ಟಿದವನಿಗೆ, ಒಡೆದ ಏರಿಯನ್ನು ದುರಸ್ತಿ ಮಾಡಿದವನಿಗೆ ಗದ್ದೆಯ ಭಾಗವನ್ನು ಬಿಟ್ಟುಕೊಡುವ ಕಟ್ಟುಕೊಡಗಿ, ಬಿತ್ತುವಟ್ಟಗಳ ಉಲ್ಲೇಖ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಆ ಗದ್ದೆಗೆ ನೀರು ಹರಿಯಬೇಕಾದದ್ದು ಅದೇ ಕೆರೆಯಿಂದ. ಕೆರೆ ಕೆಟ್ಟರೆ ಬಹುಮಾನವೂ ಒಣಗುತ್ತದೆ. ಮೆಚ್ಚುಗೆಯನ್ನೂ ನಿರ್ವಹಣೆಯನ್ನೂ ಒಂದೇ ಗಂಟಿನಲ್ಲಿ ಕಟ್ಟಿದ ಇದಕ್ಕಿಂತ ಒಳ್ಳೆಯ ಏರ್ಪಾಡು ಸಿಗುವುದು ಕಷ್ಟ.

ಒಳ್ಳೆಯ ಕೆರೆ ಎಂದರೆ ಯಾವುದು ಎಂಬುದಕ್ಕೂ ಅಳತೆಗೋಲು ಇತ್ತು. ಇಂದಿನ ಆಂಧ್ರದ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ 1369ರಲ್ಲಿ ಹಾಕಿಸಿದ ಶಾಸನ ಕೆರೆಗೆ ಬೇಕಾದ 12 ಅಂಗಗಳನ್ನೂ ಬರಬಾರದ 6 ದೋಷಗಳನ್ನೂ ಹೇಳುತ್ತದೆ. ಜಲಶಾಸ್ತ್ರ ಬಲ್ಲವನಿರಬೇಕು, ಮಣ್ಣು ಗಟ್ಟಿಯಾಗಿರಬೇಕು, ಕಲ್ಲಿನ ಗಣಿ ಹತ್ತಿರವಿರಬೇಕು. ಏರಿಯಿಂದ ನೀರು ಜಿನುಗಬಾರದು, ಮಣ್ಣು ಚೌಳಾಗಬಾರದು, ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರಬಾರದು. ಕೊನೆಯ ಷರತ್ತಿನ ಬೆಲೆ ಕಾವೇರಿ, ಕೃಷ್ಣೆಯ ದಂಡೆಯವರಿಗೆ ಯಾರೂ ವಿವರಿಸಬೇಕಾಗಿಲ್ಲ.

ಗೌರಿಬಿದನೂರು ಸೀಮೆಯ 1388ರ ಶಾಸನದಲ್ಲಿ ಸಿಂಗಾಯಭಟ್ಟನೆಂಬ ಜಲಸೂತ್ರಜ್ಞ ಸಿಗುತ್ತಾನೆ. ಹೆನ್ನೆ ನದಿಯ ನೀರನ್ನು ಪೆನುಗೊಂಡೆಗೆ ತರಬೇಕೆಂದು ಪ್ರತಾಪ ಬುಕ್ಕರಾಯ ಅಪ್ಪಣೆ ಕೊಟ್ಟಾಗ, ಸಿರುವೆರದ ಕೆರೆಗೆ ಕಾಲುವೆ ತೋಡಿಸಿದವನು ಇವನು. ಕಾಲುವೆಗೆ ಅಪ್ಪಣೆ ಕೊಟ್ಟವನ ಹೆಸರಿಟ್ಟರು; ತೋಡಿಸಿದವನ ಹೆಸರು ಶಾಸನದಲ್ಲಿ ಉಳಿಯಿತು.

ವಿಜಯಪುರದ ಇಬ್ರಾಹಿಂ ರೋಜಾದಲ್ಲಿಯೂ ಅದನ್ನು ಕಟ್ಟಿದ ಮಲಿಕ್ ಸಂದಲ್ ಹೆಸರು ಕಲ್ಲಿನಲ್ಲಿದೆ. ಅಂದರೆ ದೊರೆಗಳು, ಧರ್ಮ, ಭಾಷೆ ಬದಲಾದರೂ ಈ ರೂಢಿ ಬಹುಕಾಲ ಬಾಳಿತು.

ಇಂದು ವಾಸ್ತುಶಿಲ್ಪಕ್ಕೆ ಪ್ರಶಸ್ತಿಗಳು ಇಲ್ಲವೆಂದಲ್ಲ. ಆದರೆ ಫಲಕ ಸೇರುವುದು ಪಡೆದವರ ಕಚೇರಿಯನ್ನು. ಕಟ್ಟಡದ ಗೋಡೆಯಲ್ಲಿ ಕಾಣುವುದು ಶಂಕುಸ್ಥಾಪನೆ ಮಾಡಿದವರ, ಉದ್ಘಾಟಿಸಿದವರ, ಅಧ್ಯಕ್ಷತೆ ವಹಿಸಿದವರ ಹೆಸರುಗಳು. ನಕ್ಷೆ ಬರೆದವರು, ಗಾರೆಯವರು, ಕಲ್ಲುಕುಟಿಗರು ಅಲ್ಲಿ ಬಹುಮಟ್ಟಿಗೆ ಕಾಣುವುದಿಲ್ಲ. ಪುರಸಭೆ, ಪಂಚಾಯಿತಿಗಳು ಮುಂದೆ ಕಟ್ಟಿಸುವ ಶಾಲೆ, ಗ್ರಂಥಾಲಯ, ಹೂಳೆತ್ತಿಸುವ ಕೆರೆ ಯಾವುದೇ ಇರಲಿ, ಆ ಕಲ್ಲಿನಲ್ಲಿ ಇವರಿಗೂ ಎರಡು ಸಾಲು ಬಿಡಲಿ. ಅದಕ್ಕೆ ಹೊಸ ಕಾನೂನು ಬೇಕಿಲ್ಲ, ಹೆಚ್ಚಿನ ಖರ್ಚೂ ಇಲ್ಲ.