ಹೊಗೆ ಬಿಡಿಸಿದ ಮಾತ್ರೆಗಳು

ಕತಾರಿನ ಅಲ್ ಸದ್ದ್‌ನಲ್ಲಿ ನಾನು ಕೆಲಸ ಮಾಡುವ ಔಷಧಿ ಅಂಗಡಿಯಲ್ಲಿ ನನ್ನ ಕಿವಿಗೆ ಪದೇ ಪದೇ ಬೀಳುವ ಮಾತೊಂದಿದೆ: "ಬಿಡ್ಲಿಕ್ಕೆ ಗಟ್ಟಿ ಮನಸ್ಸು ಸಾಕು ಮಾರಾಯ್ರೆ, ಅದಕ್ಕೆಂತ ಮಾತ್ರೆ?" ಹೇಳುವವರು ಬಂಟ್ವಾಳ, ಪುತ್ತೂರು, ಕಾಸರಗೋಡು ಕಡೆಯವರು, ನಮ್ಮವರೇ. ಕೆಮ್ಮಿನ ಸಿರಪ್ಪು ಒಯ್ಯುತ್ತಾರೆ, ಕೆಮ್ಮಿನ ಮೂಲಕ್ಕೆ ಮದ್ದು ಕೇಳಲು ನಾಚುತ್ತಾರೆ. ನನಗೆ ಸಂಕಟವಾಗುತ್ತದೆ.

ನಾನು ಬೆಳೆದದ್ದು ಬೀಡಿ ಕಟ್ಟುವ ಮನೆಯಲ್ಲಿ. ಅಮ್ಮ, ಅಕ್ಕಂದಿರು ತಡ್ಪೆಯನ್ನು, ಅಂದರೆ ಮೊರವನ್ನು, ಮಡಿಲಲ್ಲಿಟ್ಟುಕೊಂಡು ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ನೂಲು ಸುತ್ತಿ, ಸಾವಿರದ ಲೆಕ್ಕದಲ್ಲಿ ಬೀಡಿ ಕಂಪನಿಯ ಬ್ರಾಂಚಿಗೆ ಕೊಟ್ಟು ಬರುತ್ತಿದ್ದರು. ಆ ದುಡ್ಡಿನಲ್ಲಿ ಓದಿ ಗಲ್ಫಿಗೆ ಬಂದವರು ನನ್ನಂಥವರು ಬಹಳ ಜನ. ಬೀಡಿ ಕಟ್ಟುವವರಿಗಾಗಿ 1966ರಲ್ಲಿ ಕೇಂದ್ರದ ಕಾನೂನು ಬಂತು. ಸೇದುವವರ ಚಟಕ್ಕೆ ಮದ್ದುಂಟು ಎಂದು ಮಾತ್ರ ನಮ್ಮೂರಲ್ಲಿ ಯಾರೂ ಹೇಳಿದ್ದು ನನಗೆ ನೆನಪಿಲ್ಲ.

ಮದ್ದು ಆಗಲೇ ಇತ್ತು. 1964ರಲ್ಲಿ ಬಲ್ಗೇರಿಯಾದಲ್ಲಿ ಟಾಬೆಕ್ಸ್ ಎಂಬ ಮಾತ್ರೆ ಮಾರಾಟಕ್ಕೆ ಬಂದಿತ್ತು. ಅದರೊಳಗಿನ ಸೈಟಿಸಿನ್ ಸಿಗುವುದು ಲ್ಯಾಬರ್ನಮ್ ಮರದಿಂದ. ನಮ್ಮ ಕಕ್ಕೆಯ ಹಾಗೆ ಹಳದಿ ಹೂವಿನ ಗೊಂಚಲು ಬಿಡುವ ಮರ ಅದು. ಆದರೆ ಕಕ್ಕೆಯೇ ಅಲ್ಲ, ಅದರ ಬೀಜ ವಿಷ. ಪೂರ್ವ ಯುರೋಪಿನಾಚೆ ದಶಕಗಳ ಕಾಲ ಆ ಮಾತ್ರೆಯನ್ನು ಹೆಚ್ಚಿನವರು ಕಣ್ಣೆತ್ತಿ ನೋಡಲಿಲ್ಲ.

ಸ್ವೀಡನ್ನಿನ ಕಥೆ ಬೇರೆ. ಜಲಾಂತರ್ಗಾಮಿಯೊಳಗೆ ಸೇದಲಾಗದ ನಾವಿಕರು ಹೊಗೆಸೊಪ್ಪನ್ನು ಬಾಯಿಗಿಟ್ಟು ಸುಧಾರಿಸಿಕೊಳ್ಳುವುದನ್ನು ಲುಂಡ್‌ನ ಕ್ಲೇಸ್ ಲುಂಡ್‌ಗ್ರೆನ್ ಗಮನಿಸಿದರು. 1967ರಲ್ಲಿ ಅದನ್ನು ಔಷಧಿ ಕಂಪನಿಯಲ್ಲಿದ್ದ ಉವೆ ಫೆರ್ನೊ ಅವರಿಗೆ ಬರೆದರು. ಫೆರ್ನೊ ಸ್ವತಃ ವಿಪರೀತ ಸೇದುವವರು. ನಿಕೋಟಿನ್ ಗಮ್ ಹುಟ್ಟಿದ್ದು ಹೀಗೆ. ಅಮೆರಿಕ ಅದಕ್ಕೆ ಒಪ್ಪಿಗೆ ಕೊಟ್ಟದ್ದು 1984ರಲ್ಲಿ. ಖಿನ್ನತೆಯ ಮದ್ದಾಗಿದ್ದ ಬ್ಯುಪ್ರೊಪಿಯಾನ್ ಅಲ್ಲಿ ಈ ಕೆಲಸಕ್ಕೂ ಸೇರಿದ್ದು 1997ರಲ್ಲಿ. ಅಪಸ್ಮಾರ ಇರುವವರಿಗೆ ಅದು ಕೂಡದು.

2006ರಲ್ಲಿ ಬಂದ ವರೆನಿಕ್ಲಿನ್, ಅಂದರೆ ಚಾಂಪಿಕ್ಸ್, ಹೊರಟದ್ದು ಅದೇ ಸೈಟಿಸಿನ್‌ನ ರಚನೆಯಿಂದ. ಮಿದುಳಿನಲ್ಲಿ ನಿಕೋಟಿನ್ ಹೋಗಿ ಕೂರುವ ಜಾಗದಲ್ಲಿ ಇದು ಮೊದಲೇ ಕೂರುತ್ತದೆ. ಸ್ವಲ್ಪ ತೃಪ್ತಿ ಕೊಡುತ್ತದೆ, ಹಾಗಾಗಿ ಚಡಪಡಿಕೆ ತಗ್ಗುತ್ತದೆ. ಮೇಲೆ ಸಿಗರೇಟು ಸೇದಿದರೂ ಮೊದಲಿನ ರುಚಿ ಹತ್ತುವುದಿಲ್ಲ. ಬಿಡುವ ದಿನಕ್ಕೆ ಒಂದು ವಾರ ಮುಂಚೆ ಅರ್ಧ ಮಿಲಿಗ್ರಾಂನಿಂದ ಶುರು ಮಾಡಿ, ದಿನಕ್ಕೆರಡು ಸಲ ಒಂದು ಮಿಲಿಗ್ರಾಂವರೆಗೆ ಏರಿಸಿ, 12 ವಾರ ತೆಗೆದುಕೊಳ್ಳುವುದು ರೂಢಿ. ಕೆಲವರಿಗೆ ಹೊಟ್ಟೆ ತೊಳಸುತ್ತದೆ, ವಿಚಿತ್ರ ಕನಸುಗಳು ಬೀಳುತ್ತವೆ. ಊಟದ ನಂತರ ತುಂಬು ಲೋಟ ನೀರಿನೊಂದಿಗೆ ನುಂಗಿ ಎನ್ನುತ್ತೇನೆ. ಮನಸ್ಸು ಕೆಡಿಸುತ್ತದೆಂಬ ಭಯದಿಂದ 2009ರಲ್ಲಿ ಅಮೆರಿಕದಲ್ಲಿ ಅದಕ್ಕೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಬಂತು. 8,000ಕ್ಕೂ ಹೆಚ್ಚು ಜನರ ಮೇಲಿನ ಪರೀಕ್ಷೆಯ ಫಲಿತಾಂಶ 2016ರಲ್ಲಿ ಪ್ರಕಟವಾಗಿ, ಆ ಚೌಕಟ್ಟನ್ನು ಅದೇ ವರ್ಷ ತೆಗೆದರು. ಆ ಭಯ ಮಾತ್ರ ಗಿರಾಕಿಗಳ ಬಾಯಲ್ಲಿ ಇನ್ನೂ ಇದೆ.

ಕತಾರ್ ಈ ವಿಷಯದಲ್ಲಿ ಹಿಂದೆ ಬೀಳಲಿಲ್ಲ. ಹಮದ್ ವೈದ್ಯಕೀಯ ನಿಗಮದ ಧೂಮಪಾನ ಬಿಡಿಸುವ ಕ್ಲಿನಿಕ್ ಶುರುವಾದದ್ದು 1999ರಲ್ಲಿ. ಮುಚ್ಚಿದ ಸಾರ್ವಜನಿಕ ಜಾಗಗಳಲ್ಲಿ ಸೇದುವುದನ್ನು 2002ರ ಕಾನೂನು ತಡೆಯಿತು, 2016ರ ಕಾನೂನು ದಂಡವನ್ನು ಬಿಗಿ ಮಾಡಿತು. 2017ರಲ್ಲಿ ನಿಗಮದ ತಂಬಾಕು ನಿಯಂತ್ರಣ ಕೇಂದ್ರಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗಿ ಕೇಂದ್ರದ ಮಾನ್ಯತೆ ಸಿಕ್ಕಿತು. ಅಲ್ ಸದ್ದ್‌ನಿಂದ ಹಮದ್ ಆಸ್ಪತ್ರೆ ದೂರವೇನಲ್ಲ. ದಂಡಕ್ಕೆ ಹೆದರಿ ಬಾಗಿಲಾಚೆ ಬಿಸಿಲಲ್ಲಿ ನಿಂತು ಸೇದುವವರಿಗೆ ನಾನು ಆ ದಾರಿ ತೋರಿಸುತ್ತೇನೆ. ದಂಡ ಚಟವನ್ನು ಹೊರಗೆ ತಳ್ಳಬಲ್ಲದು, ಬಿಡಿಸುವ ಕೆಲಸ ವೈದ್ಯರದ್ದು.

2021ರಲ್ಲಿ ನೈಟ್ರೊಸಮೀನ್ ಕಲ್ಮಶ ಕಂಡು ಫೈಜರ್ ಕಂಪನಿ ಚಾಂಪಿಕ್ಸ್ ಪೂರೈಕೆಯನ್ನೇ ನಿಲ್ಲಿಸಿತು. ಆಗ ಹಲವು ದೇಶಗಳ ವೈದ್ಯರು ಹಳೆಯ ಬಲ್ಗೇರಿಯಾ ಮದ್ದಿನತ್ತ ತಿರುಗಿ ನೋಡಿದರು. 2024ರ ಜುಲೈಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತಂಬಾಕು ಬಿಡಿಸುವ ಚಿಕಿತ್ಸೆಯ ತನ್ನ ಮೊದಲ ಮಾರ್ಗಸೂಚಿಯಲ್ಲಿ ವರೆನಿಕ್ಲಿನ್, ನಿಕೋಟಿನ್, ಬ್ಯುಪ್ರೊಪಿಯಾನ್ ಜೊತೆಗೆ ಸೈಟಿಸಿನ್ ಅನ್ನೂ ಹೆಸರಿಸಿತು. ಅಷ್ಟರಲ್ಲಿ ಟಾಬೆಕ್ಸ್ ಬಂದು 60 ವರ್ಷವಾಗಿತ್ತು.