ಕಲ್ಲಿನ ಮೇಲಿನ ಕೆಲಸ: ಪರ್ವತ ಸಾಹಸದ ಕಿರುಚಿತ್ರಗಳು ನಡೆದು ಬಂದ ದಾರಿ

ಪರ್ವತ ಸಾಹಸದ ಕಿರುಚಿತ್ರಗಳ ಬಗ್ಗೆ ಎರಡು ನಂಬಿಕೆಗಳು ಈಗ ಗಟ್ಟಿಯಾಗಿ ಬೇರೂರಿವೆ. ಇವು ಮೊಬೈಲು, ಡ್ರೋನು ಬಂದ ಮೇಲೆ ಹುಟ್ಟಿದ ಪ್ರಕಾರ ಎಂಬುದು ಒಂದು. ಇಂಥ ಚಿತ್ರ ತೆಗೆಯಲು ಹಿಮಾಲಯವೋ ಆಲ್ಪ್ಸ್ ಪರ್ವತವೋ ಬೇಕು, ದೊಡ್ಡಬಳ್ಳಾಪುರ, ನೆಲಮಂಗಲದ ಕಡೆಯವರು ನೋಡಿ ಖುಷಿಪಡಬಹುದೇ ಹೊರತು ತೆಗೆಯುವುದಕ್ಕೆ ನಮ್ಮಲ್ಲೇನಿದೆ ಎಂಬುದು ಇನ್ನೊಂದು. ಎರಡೂ ಸರಿಯಲ್ಲ. ಈ ಪ್ರಕಾರಕ್ಕೆ ನೂರು ವರ್ಷ ತುಂಬಿದೆ. ಅದು ಒಂದು ದೊಡ್ಡ ತಿರುವು ತೆಗೆದುಕೊಂಡಾಗ ಕ್ಯಾಮೆರಾ ಇದ್ದದ್ದು ಕರ್ನಾಟಕದ ಬಂಡೆಗಳ ಮೇಲೆ. ಈ ಚಿತ್ರಗಳು ನೋಡುಗರಲ್ಲಿ ಹುಮ್ಮಸ್ಸು ಹುಟ್ಟಿಸುವುದು ಶಿಖರದ ಎತ್ತರದಿಂದ ಎಂಬ ತಿಳಿವಳಿಕೆಯೇ ಈ ಎರಡೂ ತಪ್ಪುಗಳ ಬೇರು. ನೂರು ವರ್ಷಗಳ ಚಿತ್ರಗಳನ್ನು ಸಾಲಾಗಿಟ್ಟು ನೋಡಿದರೆ ಬೇರೆಯೇ ಸಂಗತಿ ಕಾಣುತ್ತದೆ. ಕೈಕಾಲು ಮಾಡುವ ಕೆಲಸ, ಹಿಂಜರಿಕೆ, ಲೆಕ್ಕಾಚಾರ, ಬಿದ್ದು ಮತ್ತೆ ಏಳುವುದು, ಇವು ತೆರೆಯ ಮೇಲೆ ಸ್ಪಷ್ಟವಾಗಿ ಕಂಡಾಗಲೆಲ್ಲ ಚಿತ್ರ ಗೆದ್ದಿದೆ. ಇವು ಮರೆಯಾದಾಗ ಎಷ್ಟೇ ಎತ್ತರದ ಪರ್ವತವಿದ್ದರೂ ಸೋತಿದೆ.

ಮೊದಲ ಐವತ್ತು ವರ್ಷಗಳನ್ನು ಬೇಗ ದಾಟಬಹುದು. 1920ರ ದಶಕದಲ್ಲಿ ಜರ್ಮನಿಯ ಆರ್ನಾಲ್ಡ್ ಫಾಂಕ್ ಹಿಮಪರ್ವತಗಳನ್ನು ಸ್ಟುಡಿಯೋದ ಹಂಗಿಲ್ಲದೆ ಚಿತ್ರಿಸಿದರು. ಅವರ ಕ್ಯಾಮೆರಾ ಕೆಲಸ ಇವತ್ತಿಗೂ ಬೆರಗು ಹುಟ್ಟಿಸುತ್ತದೆ, ಆದರೆ ಶಿಖರವನ್ನು ದೇವರಾಗಿಸುವ ಆ ಚಿತ್ರಗಳಲ್ಲಿ ಮನುಷ್ಯ ಸಣ್ಣವನಾಗುತ್ತಾನೆ. 1924ರ ಎವರೆಸ್ಟ್ ಯಾತ್ರೆಯನ್ನು ಜಾನ್ ನೋಯೆಲ್ ದೂರದ ಲೆನ್ಸ್‌ನಲ್ಲಿ ಹಿಡಿದರು. ಹಿಮದ ಇಳಿಜಾರಿನ ಮೇಲೆ ಚಲಿಸುವ ಕಪ್ಪು ಚುಕ್ಕೆಗಳಷ್ಟೇ ನಮಗೆ ಕಾಣುವ ಆರೋಹಿಗಳು. 1953ರ ಯಶಸ್ವಿ ಯಾತ್ರೆಯನ್ನು ಟಾಮ್ ಸ್ಟೋಬಾರ್ಟ್ ಚಿತ್ರಿಸಿದರು. ಎಂ.ಎಸ್. ಕೊಹ್ಲಿ ನೇತೃತ್ವದ 1965ರ ಭಾರತೀಯ ತಂಡದ ಒಂಬತ್ತು ಮಂದಿ ಎವರೆಸ್ಟ್ ಏರಿದ್ದನ್ನು ಆಧರಿಸಿ ಫಿಲ್ಮ್ಸ್ ಡಿವಿಷನ್‌ಗಾಗಿ ಎನ್.ಎಸ್. ಥಾಪಾ ಚಿತ್ರ ಮಾಡಿದರು. ಈ ಕೊನೆಯ ಎರಡೂ ರಾಷ್ಟ್ರದ ಗೆಲುವಿನ ದಾಖಲೆಗಳು. ಅವುಗಳ ಕಣ್ಣೆಲ್ಲ ಬಾವುಟ ನೆಡುವ ಕ್ಷಣದ ಮೇಲೆ. ಗೌರವ ಹುಟ್ಟಿಸುತ್ತವೆ ನಿಜ, ಆದರೆ ನಾನೂ ಒಂದು ಕೈ ನೋಡಬೇಕು ಎಂಬ ಆಸೆಯನ್ನು ಸಾಮಾನ್ಯ ನೋಡುಗನಲ್ಲಿ ಹುಟ್ಟಿಸುವುದಿಲ್ಲ. ಇಟಲಿಯ ಟ್ರೆಂಟೋದಲ್ಲಿ 1952ರಲ್ಲಿ, ಕೆನಡಾದ ಬಾನ್ಫ್‌ನಲ್ಲಿ 1976ರಲ್ಲಿ ಶುರುವಾದ ಪರ್ವತ ಚಿತ್ರೋತ್ಸವಗಳು ಈ ಪ್ರಕಾರಕ್ಕೆ ವೇದಿಕೆ ಕಟ್ಟಿಕೊಟ್ಟವು.

ನಿಜವಾದ ಬದಲಾವಣೆ ಬಂದದ್ದು ಚಿತ್ರದ ಅವಧಿ ಕುಗ್ಗಿ, ಕ್ಯಾಮೆರಾ ಹತ್ತಿರ ಬಂದಾಗ. ಮೈಕ್ ಹೂವರ್ ಅವರ ‘ಸೋಲೋ’ 1972ರ ಸಾಲಿನ ಆಸ್ಕರ್‌ಗೆ ಕಿರುಚಿತ್ರ ವಿಭಾಗದಲ್ಲಿ ನಾಮನಿರ್ದೇಶನಗೊಂಡಿತು. ಅದರಲ್ಲಿ ದೊಡ್ಡ ತಂಡವಿಲ್ಲ, ಒಬ್ಬನೇ ಆರೋಹಿ. ಹತ್ತು ವರ್ಷಗಳ ನಂತರ, 1982ರಲ್ಲಿ, ಫ್ರಾನ್ಸಿನ ಜಾನ್ ಪಾಲ್ ಜಾನ್ಸೆನ್ ಅವರು ಪಾತ್ರಿಕ್ ಎಡ್ಲಿಂಜೆ ಎಂಬ ಯುವಕ ಹಗ್ಗವಿಲ್ಲದೆ ಸುಣ್ಣಕಲ್ಲಿನ ಗೋಡೆ ಏರುವುದನ್ನು ಅರ್ಧ ಗಂಟೆಯೊಳಗೆ ತೋರಿಸಿದರು. ಅಲ್ಲಿ ಶಿಖರವೇ ಇಲ್ಲ. ಬೆರಳುಗಳು ಒಂದು ಬಿರುಕನ್ನು ತಡವಿ, ಒಪ್ಪಿ, ಭಾರ ಹಾಕುವುದಷ್ಟೇ ಇದೆ. ಅದನ್ನು ನೋಡಿದ ಫ್ರಾನ್ಸಿನ ಒಂದು ತಲೆಮಾರು ಬಂಡೆಯ ಕಡೆ ಹೊರಟಿತು. ಎವರೆಸ್ಟ್‌ನ ದಾಖಲೆಗಳಿಗೆ ಆಗದ್ದು ಈ ಪುಟ್ಟ ಚಿತ್ರಕ್ಕೆ ಆದದ್ದೇಕೆ? ಒಂದು ಚಲನೆಗೂ ಇನ್ನೊಂದಕ್ಕೂ ನಡುವೆ ನಡೆಯುವ ಯೋಚನೆ ಅದರಲ್ಲಿ ಕಾಣುತ್ತದೆ. ಯೋಚನೆ ಕಂಡರೆ ಕಲಿಯಬಹುದು ಅನ್ನಿಸುತ್ತದೆ, ಕಲಿಯಬಹುದು ಅನ್ನಿಸಿದಾಗ ಹುಮ್ಮಸ್ಸು ಬರುತ್ತದೆ.

ಈ ಸಾಲಿನ ಮುಂದಿನ ಮುಖ್ಯ ಹೆಜ್ಜೆ ಬಿದ್ದದ್ದು ಹಂಪಿಯಲ್ಲಿ. ಅಮೆರಿಕದ ಜಾಶ್ ಲೋವೆಲ್ 2003ರಲ್ಲಿ ತಂದ ‘ಪಿಲ್ಗ್ರಿಮೇಜ್’ ಚಿತ್ರದಲ್ಲಿ ಕ್ರಿಸ್ ಶರ್ಮಾ, ಕೇಟಿ ಬ್ರೌನ್, ನೇಟ್ ಗೋಲ್ಡ್ ಎಂಬ ಮೂವರು ಆರೋಹಿಗಳು ತುಂಗಭದ್ರೆಯ ದಡದ ಗುಂಡುಕಲ್ಲುಗಳನ್ನು ಏರುತ್ತಾರೆ. ಹಗ್ಗವಿಲ್ಲದೆ, ಕೆಳಗೆ ದಪ್ಪನೆಯ ಕ್ರ್ಯಾಶ್ ಪ್ಯಾಡ್ ಹಾಸಿಕೊಂಡು ಗಿಡ್ಡ ಬಂಡೆ ಏರುವ ಬೋಲ್ಡರಿಂಗ್ ಎಂಬ ಆಟ ಅದು. ಎತ್ತರ ಕೆಲವೇ ಮೀಟರು. ಅಷ್ಟರಲ್ಲೇ ಒಂದು ಲೋಕವಿದೆ. ಹಂಪಿಯ ಗ್ರಾನೈಟಿನ ಹರಳುಗಳು ಚೂಪು, ಬೆರಳ ತುದಿಯ ಚರ್ಮ ಬೇಗ ಕಿತ್ತುಬರುತ್ತದೆ. ಬಿಸಿಲೇರಿದರೆ ಕೈ ಬೆವರಿ ಜಾರುತ್ತದೆ, ಹಾಗಾಗಿ ಕಷ್ಟದ ಬಂಡೆಗೆ ಬೆಳಗಿನ ಅಥವಾ ಇಳಿಹೊತ್ತಿನ ತಂಪೇ ಆಗಬೇಕು. ಸೀಮೆಸುಣ್ಣದಂಥ ಪುಡಿ ಸವರಿಕೊಂಡ ಕೈ, ಉಗುರಗಲದ ಅಂಚಿನ ಮೇಲೆ ಒತ್ತಿದ ಶೂ ತುದಿ, ಸೊಂಟ ಬಂಡೆಯ ಕಡೆಗೆ ಒಂದಿಂಚು ಸರಿದದ್ದಕ್ಕೇ ಸಾಧ್ಯವಾದ ಮುಂದಿನ ಹಿಡಿತ: ಇಂಥ ವಿವರಗಳಿಗೆ ಬೋಲ್ಡರಿಂಗ್ ಚಿತ್ರಗಳು ಕೊಟ್ಟ ಸಮಯವನ್ನು ಅದಕ್ಕೂ ಹಿಂದಿನ ಪರ್ವತ ಚಿತ್ರಗಳು ಕೊಟ್ಟಿರಲಿಲ್ಲ. ಹಂಪಿ ಜಗತ್ತಿನ ಬೋಲ್ಡರಿಂಗ್ ನಕ್ಷೆಯ ಮೇಲೆ ಎದ್ದು ಕಂಡದ್ದು ಈ ಚಿತ್ರದಿಂದ. ಅದರ ಮಿತಿಯನ್ನೂ ಹೇಳಬೇಕು. ಊರು, ನದಿ, ದೇವಸ್ಥಾನ, ಊರ ಜನ ಎಲ್ಲರೂ ಅದರಲ್ಲಿ ಯಾತ್ರಿಕರ ಹಿನ್ನೆಲೆಯಾಗಿ ಉಳಿದರು. ಬಂಡೆಯೊಂದಿಗೆ ತಲೆಮಾರುಗಳಿಂದ ಬಾಳಿದವರಿಗೆ ಆ ಬಂಡೆಯ ಬಗ್ಗೆ ಏನು ಗೊತ್ತಿತ್ತು ಎಂದು ಚಿತ್ರ ಕೇಳಲಿಲ್ಲ.

ಹಂಪಿಯ ಜೊತೆಗೆ ಬಾದಾಮಿ ಬೆಳೆಯಿತು. ಅಲ್ಲಿನ ಮರಳುಗಲ್ಲಿನ ಗೋಡೆಗಳಿಗೆ ಬೋಲ್ಟ್ ಹೊಡೆದು ಹಗ್ಗದ ಸುರಕ್ಷೆಯಲ್ಲಿ ಏರುವ ದಾರಿಗಳು ರೂಪುಗೊಂಡವು. ಫ್ರಾನ್ಸಿನ ಅಲೆಕ್ಸಾಂಡರ್ ಶಾಬೋ ಗುರುತಿಸಿದ ‘ಗಣೇಶ’ ಎಂಬ ದಾರಿಯ ಕಾಠಿಣ್ಯ ಆರೋಹಿಗಳ ಶ್ರೇಣಿಯಲ್ಲಿ 8ಬಿ+. ಪುಣೆಯ ತುಹಿನ್ ಸಾತಾರ್ಕರ್ ಅದನ್ನು ಏರಿದ ಮೊದಲ ಭಾರತೀಯ. ನಮ್ಮ ತಲೆಮಾರಿನ ಕಿರುಚಿತ್ರಗಳ ಗಟ್ಟಿ ಭಾಗ ಈ ಬಾದಾಮಿ ಪರಂಪರೆಯದು. ಒಂದೇ ದಾರಿಯನ್ನು ದಿನಗಟ್ಟಲೆ ಬೆನ್ನುಹತ್ತುವುದು, ಅದೇ ಜಾಗದಲ್ಲಿ ಮತ್ತೆ ಮತ್ತೆ ಜಾರುವುದು, ಕೆಳಗೆ ಹಗ್ಗ ಹಿಡಿದು ಬಿಲೇ ಕೊಡುವ ಗೆಳೆಯನ ತಾಳ್ಮೆ, ಇವೆಲ್ಲ ಕತೆಯಾಗಬಲ್ಲವು ಎಂದು ಅವು ತೋರಿಸಿದವು. ಸಾವನದುರ್ಗದ ಬಂಡೆಬೆಟ್ಟಕ್ಕೆ ಮಾತ್ರ ಅಂಥ ಭಾಗ್ಯ ಬರಲಿಲ್ಲ. 2007ರಲ್ಲಿ ರಾಮನಗರ ಜಿಲ್ಲೆ ಬೇರೆಯಾಗುವವರೆಗೂ ಸಾವನದುರ್ಗವೂ ರಾಮದೇವರ ಬೆಟ್ಟವೂ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲೇ ಇದ್ದವು. ‘ಶೋಲೆ’ (1975) ರಾಮನಗರದ ಬಂಡೆಗಳಿಗೆ ಬಂತು, ಡೇವಿಡ್ ಲೀನ್ ಅವರ ‘ಎ ಪ್ಯಾಸೇಜ್ ಟು ಇಂಡಿಯಾ’ (1984) ಸಾವನದುರ್ಗಕ್ಕೂ ಬಂತು. ಎರಡಕ್ಕೂ ಬಂಡೆ ಬೇಕಿದ್ದದ್ದು ದೃಶ್ಯಕ್ಕಾಗಿ. ಸಾವನದುರ್ಗದ ನುಣುಪು ಇಳಿಜಾರಿನಲ್ಲಿ ಹಿಡಿಯಲು ಏನೂ ಇರುವುದಿಲ್ಲ, ಶೂ ಅಡಿಯ ರಬ್ಬರು ಮತ್ತು ಕಲ್ಲಿನ ತಿಕ್ಕಾಟವನ್ನೇ ನಂಬಿ ನಿಲ್ಲಬೇಕು. ಒಂದು ಬೋಲ್ಟಿನಿಂದ ಇನ್ನೊಂದಕ್ಕೆ ದೂರ ಹೆಚ್ಚಾದಷ್ಟೂ ಮನಸ್ಸು ಗಟ್ಟಿಯಾಗಬೇಕು. ಆ ನಂಬಿಕೆಯನ್ನು ತೆರೆಗೆ ತರಬಲ್ಲ ಒಳ್ಳೆಯ ಕಿರುಚಿತ್ರಕ್ಕೆ ಜಾಗ ಇನ್ನೂ ಖಾಲಿಯಿದೆ.

2010ರ ನಂತರದ್ದು ಸಲಕರಣೆಗಳ ಕಾಲ. ಹೆಲ್ಮೆಟ್ಟಿಗೆ ಅಂಟಿಸುವ ಪುಟ್ಟ ಕ್ಯಾಮೆರಾ, ಕೈಗೆಟುಕುವ ಡ್ರೋನ್, 2016ರ ಬಳಿಕ ಅಗ್ಗವಾದ ಇಂಟರ್ನೆಟ್, ಇವು ತೆಗೆಯುವವರ ಸಂಖ್ಯೆಯನ್ನೂ ನೋಡುವವರ ಸಂಖ್ಯೆಯನ್ನೂ ಹಲವು ಪಟ್ಟು ಹೆಚ್ಚಿಸಿದವು. ಒಳ್ಳೆಯದೂ ಬಂತು. ಗ್ಯಾಶರ್‌ಬ್ರಮ್ 2 ಶಿಖರವನ್ನು ಚಳಿಗಾಲದಲ್ಲಿ ಮೊದಲ ಬಾರಿಗೆ ಏರಿದ ಮೂವರಲ್ಲಿ ಒಬ್ಬರಾದ ಕೋರಿ ರಿಚರ್ಡ್ಸ್, ಇಳಿಯುವಾಗ ಹಿಮಕುಸಿತದಿಂದ ಬದುಕಿ ಹೊರಬಂದ ಕೂಡಲೇ ಕ್ಯಾಮೆರಾವನ್ನು ತಮ್ಮ ಮುಖಕ್ಕೆ ತಿರುಗಿಸಿಕೊಂಡು ಅತ್ತರು. ಆ ತುಣುಕನ್ನು ಒಳಗೊಂಡ ಆನ್ಸನ್ ಫೋಗೆಲ್ ಅವರ ‘ಕೋಲ್ಡ್’ (2011) ಇಪ್ಪತ್ತು ನಿಮಿಷಕ್ಕೂ ಕಡಿಮೆಯ ಚಿತ್ರ. ಶಿಖರದ ಸಂಭ್ರಮಕ್ಕಿಂತ ಆ ಮುಖವೇ ಅದರ ಕೇಂದ್ರ. ಡ್ಯಾನಿ ಮ್ಯಾಕ್‌ಆಸ್ಕಿಲ್ ಸ್ಕಾಟ್ಲೆಂಡಿನ ಸ್ಕೈ ದ್ವೀಪದ ಬೆಟ್ಟಸಾಲಿನ ಮೇಲೆ ಸೈಕಲ್ ಓಡಿಸುವ ‘ದ ರಿಡ್ಜ್’ (2014) ಡ್ರೋನ್ ದೃಶ್ಯಗಳಿಗೆ ಹೆಸರಾಯಿತು. ಅದನ್ನು ಅನುಕರಿಸಿದವರು ಡ್ರೋನನ್ನಷ್ಟೇ ತೆಗೆದುಕೊಂಡರು, ಮ್ಯಾಕ್‌ಆಸ್ಕಿಲ್ ಅವರ ವರ್ಷಗಳ ಅಭ್ಯಾಸವನ್ನು ಬಿಟ್ಟರು. ಬೆಟ್ಟದ ತುದಿಯಲ್ಲಿ ಕೈ ಚಾಚಿ ನಿಂತವನ ಸುತ್ತ ಕ್ಯಾಮೆರಾ ಸುತ್ತುವ ದೃಶ್ಯ ಆಮೇಲೆ ಎಲ್ಲೆಡೆ ಹಬ್ಬಿತು. ಅವನು ಅಲ್ಲಿಗೆ ಹೇಗೆ ಬಂದ ಎಂಬುದೇ ಅದರಲ್ಲಿ ಇರುವುದಿಲ್ಲ.

ಕನ್ನಡದಲ್ಲಿ ಏನಾಯಿತು? ಗದ್ಯದಲ್ಲಿ ನಾವು ಬಡವರಲ್ಲ. ಕಾರಂತರ ‘ಬೆಟ್ಟದ ಜೀವ’ (1943) ಬೆಟ್ಟವನ್ನು ಬದುಕುವ ಜಾಗವಾಗಿ ಕಂಡಿತು. ತೇಜಸ್ವಿಯವರ ‘ಕರ್ವಾಲೊ’ (1980) ಕಾಡಿನ ಹುಡುಕಾಟವನ್ನು ಎಲ್ಲರ ಸಾಹಸವಾಗಿಸಿತು, ಅದರಲ್ಲಿ ವಿಜ್ಞಾನಿಯ ಕಣ್ಣಿಗೂ ಹಳ್ಳಿಯವನ ಕಣ್ಣಿಗೂ ಒಂದೇ ಬೆಲೆ. ತೆರೆಯ ಮೇಲೆ ಈ ದೃಷ್ಟಿ ತಡವಾಗಿ ಬಂತು. ಅಮೋಘವರ್ಷ ಮತ್ತು ಕಲ್ಯಾಣ್ ವರ್ಮಾ ಅವರ ‘ವೈಲ್ಡ್ ಕರ್ನಾಟಕ’ 67ನೇ ರಾಷ್ಟ್ರಪ್ರಶಸ್ತಿಗಳಲ್ಲಿ ಅನ್ವೇಷಣಾ ಚಿತ್ರದ ವಿಭಾಗದಲ್ಲಿ ಗೆದ್ದಿತು. ಕನ್ನಡದಲ್ಲಿ ಅದಕ್ಕೆ ರಿಷಬ್ ಶೆಟ್ಟಿ ದನಿಯಾದರು. 2022ರಲ್ಲಿ ಅಮೋಘವರ್ಷ ನಿರ್ದೇಶನದಲ್ಲಿ ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’ ಬಂತು. ಕಾಡಿನಲ್ಲೂ ಕಡಲಲ್ಲೂ ಓಡಾಡುತ್ತ, ತಮ್ಮ ಭಯವನ್ನು ಮುಚ್ಚಿಡದೆ ಕನ್ನಡದಲ್ಲಿ ಮಾತಾಡುವ ಜನಪ್ರಿಯ ನಟನನ್ನು ನಾಡು ಥಿಯೇಟರಿನಲ್ಲಿ ಕುಳಿತು ನೋಡಿತು. ಎರಡೂ ಕಿರುಚಿತ್ರಗಳಲ್ಲ, ಎರಡೂ ಆರೋಹಣದ ಚಿತ್ರಗಳಲ್ಲ. ಆದರೂ ಕಾಡುಮೇಡಿನ ಅನುಭವವನ್ನು ಕನ್ನಡದ ದನಿಯಲ್ಲಿ ಕೇಳಲು ನೋಡುಗರು ಸಿದ್ಧರಿದ್ದಾರೆ ಎಂದು ಅವು ಸಾಬೀತು ಮಾಡಿದವು. ಚಿತ್ರದುರ್ಗದ ಜ್ಯೋತಿರಾಜ್ ಅವರ ಪ್ರಸಂಗ ಇನ್ನೂ ಕಣ್ತೆರೆಸುವಂಥದ್ದು. ಕೋಟೆಯ ಗೋಡೆಯ ಕಲ್ಲುಸಂದಿಗಳಲ್ಲಿ ಬೆರಳಿಟ್ಟು ಹಗ್ಗವಿಲ್ಲದೆ ಏರುವ ಅವರ ವಿಡಿಯೊಗಳಿಗೆ ಲೆಕ್ಕವಿಲ್ಲ. ಬಹುತೇಕ ಎಲ್ಲವೂ ಅವರನ್ನು ‘ಕೋತಿರಾಜ’ ಎಂಬ ವಿಸ್ಮಯವಾಗಿ ತೋರಿಸಿ ಮುಗಿಸುತ್ತವೆ. ಎಡ್ಲಿಂಜೆಗೆ ಜಾನ್ಸೆನ್ ಕೊಟ್ಟ ಗಮನವನ್ನು ಜ್ಯೋತಿರಾಜ್‌ಗೆ ಯಾರಾದರೂ ಕೊಟ್ಟಿದ್ದರೆ ಅದೊಂದು ಕನ್ನಡದ ಶ್ರೇಷ್ಠ ಕಿರುಚಿತ್ರವಾಗುತ್ತಿತ್ತು. ಪ್ರತಿಭೆ ನಮ್ಮಲ್ಲಿತ್ತು, ಕ್ಯಾಮೆರಾಗಳೂ ಇದ್ದವು, ತಾಳ್ಮೆಯಿಂದ ನೋಡುವ ಕಣ್ಣಿನ ಕೊರತೆ ಮಾತ್ರ ಇತ್ತು.

ಈಗ ಬೆಂಗಳೂರು ಗ್ರಾಮಾಂತರದ ಬೆಟ್ಟಗಳಿಗೆ ಬರೋಣ. ದೊಡ್ಡಬಳ್ಳಾಪುರ ತಾಲ್ಲೂಕಿನ ಮಾಕಳಿದುರ್ಗ 1,100 ಮೀಟರ್ ಆಸುಪಾಸಿನ ಬೆಟ್ಟ, ಮೇಲೆ ಹಾಳುಬಿದ್ದ ಕೋಟೆ, ಕೆಳಗೆ ರೈಲು ಹಳಿ. ಅದರ ವಿಡಿಯೊಗಳಲ್ಲಿ ತಿರುವಿನಲ್ಲಿ ಬರುವ ರೈಲು ತಪ್ಪದೆ ಇರುತ್ತದೆ, ಬಂಡೆಯ ಮೇಲಿನ ಹೆಜ್ಜೆ ಇರುವುದು ಅಪರೂಪ. ನೆಲಮಂಗಲ ತಾಲ್ಲೂಕಿನ ಶಿವಗಂಗೆಯಲ್ಲಿ ವಯಸ್ಸಾದ ಹೆಂಗಸರೂ ಮಕ್ಕಳೂ ಕಂಬಿ ಹಿಡಿದು, ಬಂಡೆಯಲ್ಲಿ ಕಡಿದ ಕಡಿದಾದ ಮೆಟ್ಟಿಲು ಏರಿ ಬೆಟ್ಟದ ನೆತ್ತಿ ಮುಟ್ಟುತ್ತಾರೆ. ಎತ್ತರದ ಭಯವನ್ನು ಭಕ್ತಿಯಿಂದ ದಾಟುವ ಈ ಜನರನ್ನು ಪರ್ವತ ಸಾಹಸದ ಚಿತ್ರ ತನ್ನವರೆಂದು ಎಣಿಸಿಲ್ಲ. ದೇವನಹಳ್ಳಿ ತಾಲ್ಲೂಕಿನ ಕೊಯಿರಾ ಕಲ್ಲಿಗೆ ಹೆಸರಿದೆ. ಸಾಲಾಗಿ ಕುಳಿ ಹೊಡೆದು, ಬೆಣೆ ಇಟ್ಟು, ಚಮ್ಮಟಿಗೆಯಿಂದ ಬಡಿದು ಬಂಡೆ ಸೀಳುವ ಕಲ್ಲುಕುಟಿಗನು ಮೊದಲು ಕಲ್ಲನ್ನು ತಟ್ಟಿ ಕಿವಿಗೊಡುತ್ತಾನೆ, ಒಳಗೆ ಪೊಳ್ಳಿದ್ದರೆ ಸದ್ದಿನಲ್ಲೇ ಗೊತ್ತಾಗುತ್ತದೆ. ಸಡಿಲ ಚಕ್ಕೆಯ ಮೇಲೆ ಭಾರ ಹಾಕುವ ಮುನ್ನ ಆರೋಹಿ ಮಾಡುವುದೂ ಇದನ್ನೇ. ಈ ಇಬ್ಬರನ್ನು ಒಂದೇ ಬಂಡೆಯ ಎದುರು ನಿಲ್ಲಿಸುವ ಹತ್ತು ನಿಮಿಷದ ಚಿತ್ರಕ್ಕೆ ಹಿಮಾಲಯದ ಅಗತ್ಯವಿಲ್ಲ. ಬೆಟ್ಟಗಳೇ ಕ್ವಾರಿಯಾಗಿ ಕರಗುತ್ತಿರುವ ಜಿಲ್ಲೆಯಲ್ಲಿ ಅಂಥ ಚಿತ್ರವನ್ನು ಮುಂದೂಡುವಂತೆಯೂ ಇಲ್ಲ.

ಇದಕ್ಕೆ ಬರುವ ದೊಡ್ಡ ಆಕ್ಷೇಪಣೆ ಜನಜಂಗುಳಿಯದು. ಚಿತ್ರ ತೆಗೆದರೆ ಜನ ನುಗ್ಗುತ್ತಾರೆ, ಬೆಟ್ಟ ಹಾಳಾಗುತ್ತದೆ ಎನ್ನುತ್ತಾರೆ. ಆತಂಕ ನ್ಯಾಯವಾದದ್ದೇ. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಸೇರಿದ ಜನಸಾಗರದ ದೃಶ್ಯವನ್ನು ಎಲ್ಲರೂ ನೋಡಿದ್ದಾರೆ. ಅದರ ಬೆನ್ನಿಗೆ ಅರಣ್ಯ ಇಲಾಖೆ ಚಾರಣಗಳಿಗೆ ತಡೆ ಹಾಕಿ, ಆನ್‌ಲೈನ್ ಬುಕಿಂಗ್ ಮತ್ತು ಸಂಖ್ಯೆಯ ಮಿತಿಯತ್ತ ಹೊರಳಿತು. 2023ರ ಜುಲೈನಲ್ಲಿ ಕೊಲ್ಲೂರಿನ ಅರಶಿನಗುಂಡಿ ಜಲಪಾತದ ಬಳಿ ವಿಡಿಯೊ ತೆಗೆಸಿಕೊಳ್ಳುತ್ತಿದ್ದ ಯುವಕನೊಬ್ಬ ಜಾರಿ ನೀರುಪಾಲಾದ. ಆದರೆ ಜನರನ್ನು ನುಗ್ಗಿಸುವ ವಿಡಿಯೊ ಯಾವ ಬಗೆಯದು ಎಂದು ವಿಚಾರಿಸಬೇಕು. ಜಾಗದ ಹೆಸರು, ಹೋಗುವ ದಾರಿ, ತುದಿಯ ನೋಟ, ಇಷ್ಟನ್ನೇ ಮೂವತ್ತು ಸೆಕೆಂಡಿನಲ್ಲಿ ಕೊಡುವ ವಿಡಿಯೊ ಅದು. ಅಲ್ಲಿ ಶ್ರಮ ಕಾಣುವುದಿಲ್ಲ, ಅಪಾಯ ಕಾಣುವುದಿಲ್ಲ. ನೋಡಿದವನು ಚಪ್ಪಲಿಯಲ್ಲೇ ಹೊರಡುತ್ತಾನೆ. ಕೆಲಸವನ್ನು ತೋರಿಸುವ ಚಿತ್ರ ಮಳೆಯಲ್ಲಿ ಬಂಡೆ ಜಾರುತ್ತದೆ ಎಂದು ತೋರಿಸುತ್ತದೆ, ಅರ್ಧ ದಾರಿಯಿಂದ ವಾಪಸಾಗುವುದೂ ಜಾಣತನ ಎಂದು ತೋರಿಸುತ್ತದೆ. ಅದು ಕೊಡುವ ಹುಮ್ಮಸ್ಸಿನ ಜೊತೆಗೆ ಎಚ್ಚರವೂ ಬರುತ್ತದೆ. ಜನಜಂಗುಳಿಯ ಆಕ್ಷೇಪಣೆ ಹೀಗೆ ನನ್ನ ವಾದವನ್ನೇ ಬಲಪಡಿಸುತ್ತದೆ.

ಇಂಥ ನಿಧಾನದ ಚಿತ್ರಗಳನ್ನು ಯಾರು ನೋಡುತ್ತಾರೆ, ಹಣ ಎಲ್ಲಿಂದ ಎಂಬುದು ಇನ್ನೊಂದು ಆಕ್ಷೇಪಣೆ. ಖರ್ಚಿನ ಮಟ್ಟಿಗೆ ಚಿಕ್ಕ ಬೆಟ್ಟವೇ ಅನುಕೂಲ. ಊರಿಂದ ಬಸ್ಸಿನಲ್ಲಿ ಹೋಗಿ ಸಂಜೆ ಮರಳಬಹುದು, ಒಂದೇ ಬಂಡೆಗೆ ಹತ್ತು ಸಲ ಹೋಗಬಹುದು. ತಾಳ್ಮೆಯ ಚಿತ್ರಕ್ಕೆ ಬೇಕಾದದ್ದೇ ಅದು. ದೇವನಹಳ್ಳಿ ವಿಮಾನ ನಿಲ್ದಾಣದ ಸುತ್ತ ಡ್ರೋನಿಗೆ ನಿರ್ಬಂಧವಿರುವುದನ್ನೂ ಕೊರತೆ ಎನ್ನಬೇಕಿಲ್ಲ, ಅದು ಕ್ಯಾಮೆರಾವನ್ನು ಕೈಬೆರಳಿನ ಹತ್ತಿರಕ್ಕೆ ತರುತ್ತದೆ. ನೋಡುಗರ ವಿಷಯದಲ್ಲಿ ‘ಗಂಧದ ಗುಡಿ’ ಉತ್ತರ ಕೊಟ್ಟಾಗಿದೆ. ಉಳಿದ ಕೆಲಸ ಸಂಸ್ಥೆಗಳದು. ರಾಜ್ಯದಲ್ಲಿ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯಿದೆ, ಚಲನಚಿತ್ರ ಅಕಾಡೆಮಿಯಿದೆ. ಬಂಡೆ ಏರುವವರಿಗೆ ಕ್ಯಾಮೆರಾ, ಕ್ಯಾಮೆರಾದವರಿಗೆ ಹಗ್ಗ ಕಲಿಸುವ ಒಂದು ಜಂಟಿ ಶಿಬಿರ ವರ್ಷಕ್ಕೊಮ್ಮೆ ನಡೆದರೂ ಸಾಕು, ಅಲ್ಲಿಂದ ಬಂದ ಚಿತ್ರಗಳನ್ನು ದೊಡ್ಡಬಳ್ಳಾಪುರದ, ಹೊಸಕೋಟೆಯ ಶಾಲೆ ಕಾಲೇಜುಗಳಲ್ಲಿ ಕನ್ನಡದ ನಿರೂಪಣೆಯೊಂದಿಗೆ ತೋರಿಸಬೇಕು. ಇಪ್ಪತ್ತು ವರ್ಷಗಳ ಹಿಂದೆ ಹಂಪಿಯ ಗುಂಡುಕಲ್ಲನ್ನು ಹೇಗೆ ನೋಡಬೇಕೆಂದು ಹೊರಗಿನವರು ಜಗತ್ತಿಗೆ ತೋರಿಸಿಕೊಟ್ಟರು. ಶಿವಗಂಗೆಯನ್ನೂ ಮಾಕಳಿದುರ್ಗವನ್ನೂ ಹಾಗೆ ತೋರಿಸುವ ಹೊಣೆ ಅಲ್ಲಿನ ಬಂಡೆಯನ್ನು ಬಲ್ಲ, ಅಲ್ಲಿನ ಮಾತನ್ನೇ ಆಡುವ ಹುಡುಗ ಹುಡುಗಿಯರದಾಗಬೇಕು. ಅವರ ಕೈಗೆ ಕ್ಯಾಮೆರಾ ಕೊಡುವುದು ಈ ಪ್ರಕಾರದ ಮುಂದಿನ ಹಂತ.