ಮ್ಯಾಚ್ ಶುರುವಾಗೋ ಮುಂಚೆಯೇ ಮೈದಾನಕ್ಕೆ ಹೋದವನು

ಬೇಸ್‌ಬಾಲ್ ಅಂದ್ರೆ ನನಗೆ ಮೊದಲಿಂದ ಅಂಥಾ ಆಸಕ್ತಿಯೇನೂ ಇರಲಿಲ್ಲ. ನಾನು ಅದರ ಹತ್ತಿರ ಹೋಗಿದ್ದು ಅಂಕಿಗಳ ಹುಚ್ಚಿಗೆ. ನೂರು ವರ್ಷದ ಹಿಂದಿನ ಪಂದ್ಯದ ಲೆಕ್ಕವೂ ಸಿಗೋ ಆಟ ಅದು. ಹಾಗೆ ಕೆದಕ್ತಾ ಕೆದಕ್ತಾ ಕ್ಲೈಡ್ ಸುಕ್‌ಫೋರ್ತ್ ಅನ್ನೋ ಮನುಷ್ಯನ ಕಥೆ ಸಿಕ್ಕಿತು. ಈತ ಸ್ಕೌಟ್. ಅಂದ್ರೆ ಊರೂರು ಅಲೆದು, ಹುಡುಗರ ಆಟ ಕಣ್ಣಾರೆ ನೋಡಿ, ಇವನು ಮುಂದೆ ಬರ್ತಾನೆ, ಇವನು ಬರಲ್ಲ ಅಂತ ತಂಡಕ್ಕೆ ವರದಿ ಕೊಡೋನು.

ಸ್ವಲ್ಪ ಹಿನ್ನೆಲೆ ಹೇಳಿಬಿಡ್ತೀನಿ. ಅಮೆರಿಕಾದ ದೊಡ್ಡ ತಂಡಗಳ ಕೆಳಗೆ ಮೈನರ್ ಲೀಗ್ ತಂಡಗಳಿರುತ್ತವೆ. ಭತ್ತದ ಸಸಿಮಡಿ ಇದ್ದಹಾಗೆ ಅನ್ನಿ. ಅಲ್ಲಿ ಬೆಳೆದವರನ್ನು ಕಿತ್ತು ಮೇಲಿನ ತಂಡಕ್ಕೆ ನಾಟಿ ಮಾಡ್ತಾರೆ. ಈ ವ್ಯವಸ್ಥೆಯನ್ನು 1920ರ ದಶಕದಲ್ಲಿ ಕಟ್ಟಿ ಬೆಳೆಸಿದವನು ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದ ಬ್ರಾಂಚ್ ರಿಕಿ. ಆಮೇಲೆ ಆತ ಬ್ರೂಕ್ಲಿನ್ ಡಾಡ್ಜರ್ಸ್‌ಗೆ ಬಂದ. ಸುಕ್‌ಫೋರ್ತ್ ಅಲ್ಲಿ ಅವನ ಬಲಗೈ.

ಸುಕ್‌ಫೋರ್ತ್ ಹುಟ್ಟಿದ್ದು 1901ರಲ್ಲಿ, ಮೇನ್ ರಾಜ್ಯದ ಹಳ್ಳಿಗಾಡಿನಲ್ಲಿ. ಮೊದಲು ಕ್ಯಾಚರ್ ಆಗಿ ಆಡ್ತಿದ್ದ, ನಮ್ಮ ವಿಕೆಟ್‌ಕೀಪರ್ ಥರ. 1931ರಲ್ಲಿ ಬೇಟೆಗೆ ಹೋದಾಗ ಬಂದೂಕಿನ ಚೆರೆ ಕಣ್ಣಿಗೆ ಬಡಿದು ದೃಷ್ಟಿ ಕೆಟ್ಟಿತು. ಇದನ್ನ ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಮುಂದೆ ಬರೀ ಕಣ್ಣಿನ ಕೆಲಸದಿಂದಲೇ ಹೆಸರು ಮಾಡಿದವನು ಈತ!

1945ರ ಆಗಸ್ಟ್‌ನಲ್ಲಿ ರಿಕಿ ಇವನನ್ನು ಷಿಕಾಗೋಗೆ ಕಳಿಸಿದ. ದೊಡ್ಡ ಲೀಗ್‌ಗಳಲ್ಲಿ ಆಗ ಕಪ್ಪು ಆಟಗಾರರಿಗೆ ಜಾಗವೇ ಇರಲಿಲ್ಲ. ಅವರ ಪ್ರತ್ಯೇಕ ತಂಡವೊಂದರಲ್ಲಿ ಆಡ್ತಿದ್ದ ಒಬ್ಬ ಹುಡುಗನ ಕೈ ಎಷ್ಟು ಗಟ್ಟಿ, ಥ್ರೋ ಹೇಗಿದೆ ಅಂತ ನೋಡಿ ಬರಬೇಕಿತ್ತು. ಹೋಗಿ ನೋಡಿದರೆ ಹುಡುಗನಿಗೆ ಭುಜ ನೋವು, ಆಡ್ತಾನೇ ಇಲ್ಲ. ಸುಕ್‌ಫೋರ್ತ್ ಅವನ ಜೊತೆ ಕೂತು ಮಾತಾಡಿದ. ಒಂದು ಥ್ರೋ ಕೂಡ ನೋಡದೆ, ಮಾತು ಕೇಳಿ, ಮನುಷ್ಯನನ್ನು ನೋಡಿ, ರೈಲು ಹತ್ತಿಸಿ ಬ್ರೂಕ್ಲಿನ್‌ಗೆ ಕರಕೊಂಡು ಬಂದ. ಆ ಹುಡುಗನೇ ಜಾಕಿ ರಾಬಿನ್‌ಸನ್. 1946ರಲ್ಲಿ ಡಾಡ್ಜರ್ಸ್‌ನ ಮೈನರ್ ತಂಡ ಮಾಂಟ್ರಿಯಲ್‌ನಲ್ಲಿ ಆಡಿ, 1947ರ ಏಪ್ರಿಲ್ 15ರಂದು ದೊಡ್ಡ ಲೀಗ್‌ಗೆ ಇಳಿದು ವರ್ಣಭೇದದ ಗೋಡೆ ಒಡೆದವನು.

ಹಾಗಂತ ಈತನ ಕಣ್ಣು ತಪ್ಪೇ ಮಾಡಲಿಲ್ಲ ಅಂತಲ್ಲ. 1951ರ ಅಕ್ಟೋಬರ್ 3. ಡಾಡ್ಜರ್ಸ್‌ಗೂ ನ್ಯೂಯಾರ್ಕ್ ಜೈಂಟ್ಸ್‌ಗೂ ನಿರ್ಣಾಯಕ ಪಂದ್ಯ, ಕೊನೇ ಇನ್ನಿಂಗ್ಸ್. ಬದಲಿ ಪಿಚರ್‌ಗಳು ಕೈ ಬಿಸಿ ಮಾಡಿಕೊಳ್ಳೋ ಜಾಗದಲ್ಲಿ ಸುಕ್‌ಫೋರ್ತ್ ನಿಂತಿದ್ದ. ಯಾರನ್ನ ಕಳಿಸಲಿ ಅಂತ ಮ್ಯಾನೇಜರ್ ಫೋನ್ ಮಾಡಿದ. ಕಾರ್ಲ್ ಅರ್ಸ್ಕಿನ್‌ನ ಎಸೆತ ನೆಲಕ್ಕೆ ಬಡೀತಿದೆ ಅಂದ ಇವನು. ಹಾಗಾಗಿ ರಾಲ್ಫ್ ಬ್ರಾಂಕಾ ಹೋದ. ಅವನ ಎರಡನೇ ಎಸೆತಕ್ಕೇ ಬಾಬಿ ಥಾಮ್ಸನ್ ಹೋಮ್ ರನ್ ಹೊಡೆದ, ಡಾಡ್ಜರ್ಸ್ ಕಥೆ ಮುಗೀತು. ಮರುವರ್ಷದ ಆರಂಭದಲ್ಲೇ ಸುಕ್‌ಫೋರ್ತ್ ರಾಜೀನಾಮೆ ಕೊಟ್ಟು ಪಿಟ್ಸ್‌ಬರ್ಗ್ ಪೈರೇಟ್ಸ್ ಸೇರಿದ. ರಿಕಿ ಆಗಲೇ ಅಲ್ಲಿಗೆ ಹೋಗಿದ್ದ.

ಕಥೆಯ ನಿಜವಾದ ತಿರುವು ಇಲ್ಲಿದೆ. 1954ರಲ್ಲಿ ಪೈರೇಟ್ಸ್ ಕಟ್ಟಕಡೆಯ ಸ್ಥಾನದ ತಂಡ. ಮಾಂಟ್ರಿಯಲ್ ತಂಡದಲ್ಲಿದ್ದ ಜೋ ಬ್ಲ್ಯಾಕ್ ಅನ್ನೋ ಪಿಚರ್‌ನನ್ನು ನೋಡಿ ಬಾ ಅಂತ ಇವನನ್ನು ವರ್ಜೀನಿಯಾದ ರಿಚ್ಮಂಡ್‌ಗೆ ಕಳಿಸಿದರು. ಪಂದ್ಯಕ್ಕೆ ಮುಂಚೆಯೇ ಹೋಗಿ ಕೂತ. ಮೈದಾನದ ಅಂಚಿಂದ ಒಬ್ಬ ಹುಡುಗ ಥ್ರೋ ಅಭ್ಯಾಸ ಮಾಡ್ತಿದ್ದ. ಸುಕ್‌ಫೋರ್ತ್‌ಗೆ ಅವನ ಮೇಲಿಂದ ಕಣ್ಣು ಕೀಳೋಕಾಗಲಿಲ್ಲ. ಆಮೇಲೆ ಬದಲಿಯಾಗಿ ಬ್ಯಾಟ್ ಹಿಡಿದು ಓಡಿದಾಗ ಕಾಲಿನ ವೇಗವೂ ಕಂಡಿತು. ಹುಡುಗ ಪೋರ್ಟೊರಿಕೋದ ರೊಬರ್ಟೊ ಕ್ಲೆಮೆಂಟೆ. ವಯಸ್ಸಿನ್ನೂ ಇಪ್ಪತ್ತು ದಾಟಿರಲಿಲ್ಲ.

ಡಾಡ್ಜರ್ಸ್ ಅವನಿಗೆ 10,000 ಡಾಲರ್ ಬೋನಸ್ ಕೊಟ್ಟು ತಗೊಂಡಿತ್ತು. ಆಗಿನ ನಿಯಮದ ಪ್ರಕಾರ 4,000ಕ್ಕಿಂತ ಹೆಚ್ಚು ಬೋನಸ್ ಪಡೆದವನನ್ನು ದೊಡ್ಡ ತಂಡದಲ್ಲೇ ಇಟ್ಟುಕೊಳ್ಳಬೇಕು. ಮೈನರ್‌ಗೆ ಕಳಿಸಿದರೆ ವರ್ಷದ ಕೊನೆಗೆ ಬೇರೆ ತಂಡ 4,000 ಡಾಲರ್‌ಗೆ ಎತ್ತಿಕೊಂಡು ಹೋಗಬಹುದು. ಯಾರ ಕಣ್ಣಿಗೂ ಬೀಳದಿರಲಿ ಅಂತ ಬೆಂಚಲ್ಲಿ ಕೂರಿಸಿದ್ದರು ಅನ್ನೋದು ಪ್ರಚಲಿತ ಕಥೆ. ಹಾಗೇನಿಲ್ಲ, ಅಲ್ಲಿ ಅವನ ಜಾಗಕ್ಕೆ ಬೇರೆಯವರೂ ಇದ್ದರು ಅಷ್ಟೇ ಅನ್ನೋರೂ ಇದ್ದಾರೆ. ಏನೇ ಇರಲಿ, ಆ ವರ್ಷದ ಅವನ ಲೆಕ್ಕ ನೋಡಿ: 87 ಪಂದ್ಯ, ಸರಾಸರಿ .257, ಹೋಮ್ ರನ್ ಎರಡೇ ಎರಡು. ಈ ಅಂಕಿ ಮಾತ್ರ ನನ್ನ ಮುಂದಿಟ್ಟಿದ್ದರೆ ನಾನಂತೂ ಮುಂದಿನ ಸಾಲಿಗೆ ಹೋಗಿಬಿಡ್ತಿದ್ದೆ.

1954ರ ನವೆಂಬರ್ 22ರಂದು, ಕಡೇ ಸ್ಥಾನದ ತಂಡಕ್ಕೆ ಸಿಗೋ ಮೊದಲ ಆಯ್ಕೆಯಲ್ಲಿ, ಪೈರೇಟ್ಸ್ ಅವನನ್ನು ತಗೊಂಡಿತು. 1960 ಮತ್ತು 1971ರಲ್ಲಿ ಆ ತಂಡ ಚಾಂಪಿಯನ್ ಆಯಿತು. ಕ್ಲೆಮೆಂಟೆಯದು ಒಟ್ಟು ಸರಿಯಾಗಿ 3,000 ಹಿಟ್. 1972ರ ಡಿಸೆಂಬರ್ 31ರ ರಾತ್ರಿ ನಿಕರಾಗುವಾದ ಭೂಕಂಪ ಸಂತ್ರಸ್ತರಿಗೆ ಸಾಮಾನು ಒಯ್ಯುತ್ತಿದ್ದ ವಿಮಾನ ಸಮುದ್ರಕ್ಕೆ ಬಿದ್ದು ತೀರಿಕೊಂಡ. 38 ವರ್ಷ ಅಷ್ಟೇ.

ಈಗ ಅನೇಕ ಮೈನರ್ ಲೀಗ್ ಮೈದಾನಗಳಲ್ಲೂ ಕ್ಯಾಮೆರಾ ಬಂದಿದೆ. ಥ್ರೋ ವೇಗವನ್ನೂ ಅಳೀತಾರೆ. ಕೆಲವು ತಂಡಗಳು ಸ್ಕೌಟ್‌ಗಳನ್ನು ಕಡಿಮೆ ಮಾಡಿ ವಿಡಿಯೋ ನೋಡಿಯೇ ತೀರ್ಮಾನಿಸಿದ್ದೂ ಇದೆ. ನಾನೂ ಡೇಟಾ ನಂಬಿ ಅನ್ನ ತಿನ್ನೋನು, ಅದನ್ನ ಬೈಯಲ್ಲ. ಆದರೆ ಡೇಟಾಬೇಸ್ ನಾವು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತೆ. ಸುಕ್‌ಫೋರ್ತ್ ಕೇಳೋಕೆ ಹೋಗಿದ್ದು ಜೋ ಬ್ಲ್ಯಾಕ್ ಬಗ್ಗೆ.

ಇದೆಲ್ಲಾ ತಲೆ ಹೊಕ್ಕಿದ್ದಕ್ಕೆ ಒಂದು ಕಾರಣ ಇದೆ. ಹೋದ ವಾರ ಆಫೀಸಲ್ಲಿ ಹೊಸಬರ ರೆಸ್ಯೂಮೆ ಸೋಸೋಕೆ ನಾನೊಂದು ಸ್ಕ್ರಿಪ್ಟ್ ಬರೆದೆ. ಇಷ್ಟು ಪರ್ಸೆಂಟಿಗಿಂತ ಕಡಿಮೆ ಇದ್ರೆ ಔಟ್, ಒಂದು ಪೇಪರ್ ಹೋಗಿದ್ರೂ ಔಟ್. ಸರಿ ಇದೆಯಾ ನೋಡೋಣ ಅಂತ ನನ್ನದೇ ಹಳೇ ರೆಸ್ಯೂಮೆ ಹಾಕಿದೆ. ಔಟ್! ಮೂರನೇ ಸೆಮ್‌ನಲ್ಲಿ ನನ್ನ ಎಂ-3 ಹೋಗಿತ್ತಲ್ಲ.. ಆವತ್ತು ವಾಕ್-ಇನ್‌ನಲ್ಲಿ ಒಬ್ಬರು ಮಾರ್ಕ್ಸ್ ಕಾರ್ಡ್ ಪಕ್ಕಕ್ಕಿಟ್ಟು, ಬಿಳೀ ಹಾಳೆ ಕೊಟ್ಟು, ನಾನು ಪ್ರೋಗ್ರಾಂ ಬರೆಯೋದನ್ನ ಪಕ್ಕದಲ್ಲೇ ನಿಂತು ನೋಡಿದ್ದರು.

ಸ್ಕ್ರಿಪ್ಟ್ ಬೇರೆಯವರು ಆಗಲೇ ಬಳಸ್ತಿದ್ದಾರೆ, ತೆಗೆಯೋಕಾಗಲ್ಲ. ಔಟ್ ಆದವರ ಪಟ್ಟಿಯಿಂದ ಹತ್ತು ಜನರನ್ನ ಕರೆಸ್ತೀನಿ, ನಾನೇ ಕೂತು ನೋಡ್ತೀನಿ ಅಂತ ಮ್ಯಾನೇಜರ್‌ಗೆ ಹೇಳಿದೀನಿ. ಶನಿವಾರ ಬರ್ತಾರೆ. ಹತ್ತೂ ಜನ ಸುಮಾರಾಗಿದ್ರೆ ಸೋಮವಾರ ನನಗೆ ಮಂಗಳಾರತಿ ಗ್ಯಾರಂಟಿ. ನಿಮ್ಮನ್ನೂ ಹೀಗೆ ಯಾರಾದ್ರೂ ಕಣ್ಣಾರೆ ನೋಡಿ ಆರಿಸಿಕೊಂಡಿದ್ರೆ ಹೇಳಿ, ಶನಿವಾರಕ್ಕೆ ಸ್ವಲ್ಪ ಧೈರ್ಯ ಬರುತ್ತೆ.